ದಾರಿಯ ರುಚಿ, ನೆಲದ ಕಾಳು: ಪ್ರವಾಸ ಕಥನಗಳಲ್ಲಿ ಆಹಾರದ ಓದು

ಪ್ರವಾಸ ಸಾಹಿತ್ಯವನ್ನು ಕುರಿತ ಕನ್ನಡದ ಚರ್ಚೆ ಬಹುಮಟ್ಟಿಗೆ ಸ್ಥಳವರ್ಣನೆ, ಶಿಲ್ಪ, ಪ್ರಕೃತಿ ಮತ್ತು ಜನರ ನಡವಳಿಕೆಗಳ ಸುತ್ತಲೇ ಸುಳಿದಿದೆ. ಪ್ರವಾಸಿ ದಾರಿಯಲ್ಲಿ ಏನನ್ನು ಉಂಡ, ಯಾರ ಕೈಯಿಂದ ಉಂಡ, ಉಂಡದ್ದನ್ನು ಹೇಗೆ ಬರೆದ ಎಂಬ ಪ್ರಶ್ನೆಗಳು ಹಾಸ್ಯದ ಅಥವಾ ಆತ್ಮೀಯತೆಯ ವಿವರಗಳಾಗಿ ಮಾತ್ರ ಪರಿಗಣಿತವಾಗಿವೆ. ಈ ನಡುವೆ ರಸ್ತೆಯ ಮೇಲೆ ಸಾಗುತ್ತ ಊರೂರಿನ ರುಚಿ ನೋಡುವುದೇ ಪ್ರತ್ಯೇಕ ಬರವಣಿಗೆಯಾಗಿ ಬೆಳೆದಿದೆ. ಪತ್ರಿಕೆಗಳ ಪುರವಣಿಗಳು, ಪ್ರವಾಸೋದ್ಯಮದ ಕೈಪಿಡಿಗಳು, ದೃಶ್ಯಮಾಧ್ಯಮದ ಕಾರ್ಯಕ್ರಮಗಳು ಇವೆಲ್ಲ ಸೇರಿ ಕರ್ನಾಟಕದ ಒಂದು ರುಚಿಯ ನಕ್ಷೆಯನ್ನು ಬಿಡಿಸಿವೆ. ಮದ್ದೂರಿಗೆ ವಡೆ, ಬಿಡದಿಗೆ ತಟ್ಟೆ ಇಡ್ಲಿ, ದಾವಣಗೆರೆಗೆ ಬೆಣ್ಣೆ ದೋಸೆ, ಧಾರವಾಡಕ್ಕೆ ಪೇಡೆ, ಗೋಕಾಕಕ್ಕೆ ಕರದಂಟು, ಬೆಳಗಾವಿಗೆ ಕುಂದಾ: ಒಂದು ಊರಿಗೆ ಒಂದು ತಿನಿಸು ಎಂಬುದು ಈ ನಕ್ಷೆಯ ನಿಯಮ. ಈ ನಿಯಮವು ಏನನ್ನು ಕಾಣಿಸುತ್ತದೆ, ಏನನ್ನು ಮರೆಮಾಡುತ್ತದೆ ಎಂಬುದನ್ನು ಕೆಲವು ಹಳೆಯ ಪಠ್ಯಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರಿನ ಪ್ರಶ್ನೆ

ಊರಿನ ಹೆಸರು ಹೊತ್ತ ತಿನಿಸುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಸಾಮಾನ್ಯ ಲಕ್ಷಣ ಗೋಚರಿಸುತ್ತದೆ. ಅವುಗಳಲ್ಲಿ ಹೆಚ್ಚಿನವು ದಾರಿಹೋಕನಿಗಾಗಿ ರೂಪುಗೊಂಡವು. ಮದ್ದೂರು ವಡೆ ಇದಕ್ಕೆ ಸ್ಪಷ್ಟ ನಿದರ್ಶನ. ಬೆಂಗಳೂರು–ಮೈಸೂರು ನಡುವಿನ ರೈಲು ಮಾರ್ಗ 1880ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಈ ವಡೆ ಅದೇ ಮಾರ್ಗದ ನಿಲ್ದಾಣದಲ್ಲಿ, ಗಾಡಿ ನಿಲ್ಲುವ ಕೆಲವೇ ನಿಮಿಷಗಳ ಅವಸರದಲ್ಲಿ ಹುಟ್ಟಿತೆಂಬುದು ಪ್ರಚಲಿತ ಕಥನ. ಆ ಕಥನದ ವಿವರಗಳು ಹೇಗೇ ಇರಲಿ, ವಡೆಯ ರಚನೆಯೇ ಅದಕ್ಕೆ ಸಾಕ್ಷಿ ನುಡಿಯುತ್ತದೆ. ಉದ್ದನ್ನು ನೆನೆಹಾಕುವ, ರುಬ್ಬುವ ಕೆಲಸ ಇಲ್ಲಿಲ್ಲ. ರವೆ, ಮೈದಾ, ಅಕ್ಕಿಹಿಟ್ಟುಗಳನ್ನು ಹೆಚ್ಚಿದ ಈರುಳ್ಳಿ, ಕರಿಬೇವಿನೊಡನೆ ಕಲಸಿ, ತೆಳ್ಳಗೆ ತಟ್ಟಿ ಎಣ್ಣೆಗೆ ಬಿಟ್ಟರೆ ಆಯಿತು. ಗರಿಗರಿಯಾಗಿರುವುದರಿಂದ ಕೈಯಲ್ಲಿ ಹಿಡಿದು ತಿನ್ನಬಹುದು. ತಟ್ಟೆ ಬೇಡ, ಸಾರು ಬೇಡ, ತಣ್ಣಗಾದರೂ ಕೆಡದು. ಮದ್ದೂರಿನ ಸುತ್ತಲ ಹೊಲಗಳಲ್ಲಿ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿಯೂ ಈ ವಡೆಯಲ್ಲಿ ರಾಗಿಗೆ ಎಡೆಯಿರಲಿಲ್ಲ.

ಧಾರವಾಡದ ಪೇಡೆಯ ಹಿಂದೆಯೂ ಒಂದು ಪಯಣವಿದೆ. 19ನೆಯ ಶತಮಾನದಲ್ಲಿ ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಪ್ಲೇಗಿಗೆ ಹೆದರಿ ಬಂದ ಠಾಕೂರ್ ಮನೆತನದ ಕೈಗುಣವೆಂದು ಅದರ ಮೂಲವನ್ನು ಗುರುತಿಸಲಾಗುತ್ತದೆ. ಪೇಡೆಗೆ 2000ರ ದಶಕದಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆಯಿತು. ವಲಸೆ ಬಂದ ಸಿಹಿಯೊಂದು ಒಂದು ನೆಲದ ಹೆಸರಿನಲ್ಲಿ ಕಾನೂನಿನ ರಕ್ಷಣೆ ಪಡೆದದ್ದು ವಿಚಾರಾರ್ಹ. ಹತ್ತಿ ಗಿರಣಿಗಳ ಊರಾಗಿದ್ದ ದಾವಣಗೆರೆಯ ದೋಸೆ, ಮಂಡಕ್ಕಿ ಭಟ್ಟಿಗಳ ಮಂಡಕ್ಕಿಯನ್ನು ಹಿಟ್ಟಿಗೆ ಸೇರಿಸಿಕೊಂಡು, ಕೂಲಿಗೂ ವ್ಯಾಪಾರಕ್ಕೂ ಬಂದುಹೋಗುವ ಜನರ ನಡುವೆ ಹೆಸರು ಮಾಡಿತು.

ಇವುಗಳಿಗೆ ಎದುರಾಗಿ ಅದೇ ಊರುಗಳ ಮನೆಗಳಲ್ಲಿ ದಿನವೂ ಉಣ್ಣುವ ಆಹಾರವನ್ನು ಇಟ್ಟು ನೋಡಬೇಕು. ರಾಗಿ ಮುದ್ದೆ, ಜೋಳದ ರೊಟ್ಟಿ, ನವಣೆ ಅನ್ನ, ಕುಚ್ಚಲಕ್ಕಿ ಗಂಜಿ: ಇವುಗಳಲ್ಲಿ ಒಂದಕ್ಕೂ ಊರಿನ ಹೆಸರಿಲ್ಲ; ಇರುವುದು ಕಾಳಿನ ಹೆಸರು. ತುಮಕೂರಿನ ಮುದ್ದೆ ಬೇರೆ, ಮಂಡ್ಯದ ಮುದ್ದೆ ಬೇರೆ ಎಂದು ಯಾರೂ ಫಲಕ ಹಾಕುವುದಿಲ್ಲ. ಈ ಆಹಾರದ ಗಡಿಗಳನ್ನು ಮಳೆ ಮತ್ತು ಮಣ್ಣು ನಿರ್ಧರಿಸಿವೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ ಕುಚ್ಚಲಕ್ಕಿ. 600 ಮಿಲಿಮೀಟರಿನ ಆಸುಪಾಸಿನಲ್ಲೇ ನಿಲ್ಲುವ ಬಯಲುಸೀಮೆಯ ಕೆಂಪು ನೆಲದಲ್ಲಿ ರಾಗಿ. ಹಿಂಗಾರಿನ ತೇವವನ್ನು ಹಿಡಿದಿಟ್ಟುಕೊಳ್ಳುವ ಎರೆಭೂಮಿಯಲ್ಲಿ ಜೋಳ. ಬೆಂಗಳೂರಿನಿಂದ ಬೆಳಗಾವಿಯತ್ತ ಸಾಗುವ ಹೆದ್ದಾರಿಯಲ್ಲಿ ಚಿತ್ರದುರ್ಗ, ದಾವಣಗೆರೆಗಳನ್ನು ದಾಟುವ ಹೊತ್ತಿಗೆ ಮುದ್ದೆ ಹಿಂದೆ ಸರಿದು ರೊಟ್ಟಿ ಮುಂದೆ ಬರುತ್ತದೆ. ಈ ದಾಟುವಿಕೆಯನ್ನು ಸೂಚಿಸುವ ಕಲ್ಲು ದಾರಿಯ ಬದಿಯಲ್ಲಿಲ್ಲ. ಊರಿನ ಹೆಸರುಗಳ ನಕ್ಷೆಯನ್ನು ಕೈಯಲ್ಲಿ ಹಿಡಿದ ಬರಹಗಾರನಿಗೆ ಅದು ಕಾಣುವುದೂ ಇಲ್ಲ. ಆದ್ದರಿಂದ ದಾರಿಯ ಆಹಾರ ಮತ್ತು ನೆಲದ ಆಹಾರ ಎಂಬ ಭೇದವನ್ನು ವಿಮರ್ಶೆಯು ಮೊದಲು ಗುರುತಿಸಿಕೊಳ್ಳಬೇಕಾಗುತ್ತದೆ.

ಬುತ್ತಿಯಿಂದ ಫಲಾಹಾರ ಮಂದಿರಕ್ಕೆ

ದಾರಿಯಲ್ಲಿ ಸಿಕ್ಕಿದ್ದನ್ನು ಕೊಂಡು ತಿನ್ನುತ್ತ ಸಾಗುವ ರೂಢಿ ಬಹಳ ಹಳೆಯದಲ್ಲ. ಹಿಂದಿನ ಪಯಣಿಗನ ಸಂಗಾತಿ ಬುತ್ತಿ. ಹುರಿಹಿಟ್ಟು, ಅವಲಕ್ಕಿ, ಮೊಸರನ್ನ, ಉತ್ತರದಲ್ಲಿ ವಾರಗಟ್ಟಲೆ ಕೆಡದ ಕಡಕ್ ರೊಟ್ಟಿ ಮತ್ತು ಚಟ್ನಿಪುಡಿ ಇವು ದಾರಿಗೆಂದೇ ಮನೆಯಲ್ಲಿ ಸಿದ್ಧವಾಗುತ್ತಿದ್ದವು. ನೆಲದ ಕಾಳೇ ದಾರಿಯ ಆಹಾರವೂ ಆಗಿದ್ದ ಕಾಲವದು. ಅರವಟ್ಟಿಗೆಗಳು ನೀರು ಮಜ್ಜಿಗೆಗಳನ್ನು, ಛತ್ರಗಳು ತಂಗಲು ಎಡೆಯನ್ನು ಒದಗಿಸುತ್ತಿದ್ದವು. ಆದರೆ ಯಾರ ಮನೆಯ ಜಗುಲಿ ಯಾರಿಗೆ, ಯಾವ ಬಾವಿಯ ನೀರು ಯಾರಿಗೆ ಎಂಬುದನ್ನು ಜಾತಿ ನಿಗದಿಗೊಳಿಸಿತ್ತು. ಬುತ್ತಿ ಕೇವಲ ಅನುಕೂಲದ ವಸ್ತುವಾಗಿರಲಿಲ್ಲ; ಪರರ ಅಡುಗೆಯನ್ನು ಮುಟ್ಟದಿರುವ ನೇಮಕ್ಕೂ ಪರರ ಮನೆಯೊಳಗೆ ಪ್ರವೇಶವಿಲ್ಲದಿರುವ ನೋವಿಗೂ ಅದೇ ಉತ್ತರವಾಗಿತ್ತು.

ಈ ಸ್ಥಿತಿಯನ್ನು ಸಡಿಲಗೊಳಿಸಿದ್ದರಲ್ಲಿ ರೈಲು, ಬಸ್ಸು ಮತ್ತು ಹೋಟೆಲುಗಳ ಪಾತ್ರ ದೊಡ್ಡದು. ಉಡುಪಿಯ ಅಡುಗೆಯವರು 20ನೆಯ ಶತಮಾನದ ಮೊದಲ ದಶಕಗಳಲ್ಲಿ ಬೆಂಗಳೂರು, ಮದರಾಸು, ಮುಂಬಯಿಗಳಿಗೆ ಹೋಗಿ ನೆಲೆನಿಂತರು. ಆರಂಭದ ಹೋಟೆಲುಗಳು ಜಾತಿಯ ಫಲಕವನ್ನು ಹೊತ್ತಿದ್ದವು, ಒಳಗೂ ಪಂಕ್ತಿಭೇದವಿತ್ತು. ಸಂವಿಧಾನದ 15ನೆಯ ವಿಧಿ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹಗಳಿಗೆ ಪ್ರವೇಶ ನಿರಾಕರಿಸುವುದನ್ನು ಹೆಸರಿಸಿಯೇ ನಿಷೇಧಿಸಬೇಕಾಗಿ ಬಂದುದು ಈ ಚರಿತ್ರೆಯನ್ನು ನೆನಪಿಸುತ್ತದೆ. ದಾರಿಯ ತಿನಿಸು ನೆಲದಿಂದ ದೂರವಾದದ್ದು ನಿಜ. ಆದರೆ ಅಪರಿಚಿತರು ಒಂದೇ ಬೆಂಚಿನ ಮೇಲೆ ಕುಳಿತು ತಿನ್ನುವ ಅವಕಾಶವನ್ನು ತೆರೆದದ್ದೂ ಅದೇ. ಮನೆಯ ಊಟವೇ ಶ್ರೇಷ್ಠ, ಹೋಟೆಲಿನದು ಕೃತಕ ಎಂಬ ಸುಲಭ ತೀರ್ಮಾನವನ್ನು ಈ ಸಂಗತಿ ತಡೆಯುತ್ತದೆ. ಮನೆಯ ಊಟ ಎಲ್ಲರಿಗೂ ತೆರೆದ ಊಟವಾಗಿರಲಿಲ್ಲ.

ಉತ್ತರ ಕರ್ನಾಟಕದ ಖಾನಾವಳಿಯನ್ನು ಈ ಎರಡರ ನಡುವಿನ ರೂಪವೆನ್ನಬಹುದು. ಲಿಂಗಾಯತ ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಕಾಳುಪಲ್ಯ. ಹುಬ್ಬಳ್ಳಿ–ಗದಗ ಭಾಗದ ಸಾವಜಿ ಖಾನಾವಳಿಯಲ್ಲಿ ಖಾರದ ಮಾಂಸದಡುಗೆ. ಹಳೆಯ ಮೈಸೂರಿನ ಮಿಲಿಟರಿ ಹೋಟೆಲಿನಲ್ಲಿ ಮುದ್ದೆಯ ಜೊತೆಗೆ ಮಾಂಸದ ಸಾರು. ನೆಲದ ಕಾಳು ದುಡ್ಡಿಗೆ ದೊರಕುವ ಎಡೆಗಳು ಇವು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಬಿಸಿನೀರಿನಲ್ಲಿ ನಾದಿ ಕೈಯಿಂದಲೇ ಬಡಿಯಬೇಕು. ಆ ಕೌಶಲ ಬಹುಪಾಲು ಹೆಂಗಸರದು. ರುಚಿಯ ಬರಹಗಳು ರೊಟ್ಟಿಯ ತೆಳುವನ್ನು ಹೊಗಳುವಷ್ಟು ಬಡಿಯುವ ಕೈಯನ್ನು ಗಮನಿಸುವುದಿಲ್ಲ. ಮಾಲೀಕನ ಹೆಸರು ಅಂಗಡಿಯ ಹಲಗೆಯ ಮೇಲಿದ್ದು ಬರಹಕ್ಕೂ ಬರುತ್ತದೆ. ಒಲೆಯ ಮುಂದಿನ ಹೆಸರು ಬರುವುದಿಲ್ಲ.

ತಟ್ಟೆ ಕಂಡವನು, ಹೊಲ ಕಂಡವನು

ಈ ಮರೆವು ಇಂದಿನದಲ್ಲ. ಕರ್ನಾಟಕದ ನೆಲದ ಮೇಲೆ ಹಾದುಹೋದ ಇಬ್ಬರು ಪರದೇಶಿಯರ ಬರವಣಿಗೆಯನ್ನು ಹೋಲಿಸಿದರೆ ಅದರ ಸ್ವರೂಪ ತಿಳಿಯುತ್ತದೆ. 14ನೆಯ ಶತಮಾನದ 40ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಮೊರೊಕ್ಕೊದ ಇಬ್ನ್ ಬತೂತ, ಅಲ್ಲಿನ ಸುಲ್ತಾನನ ಮನೆಯ ಊಟವನ್ನು ಕ್ರಮವಾಗಿ ವಿವರಿಸಿದ್ದಾನೆ. ತಾಮ್ರದ ಹರಿವಾಣ, ರೇಷ್ಮೆಯುಟ್ಟ ದಾಸಿ ಬಡಿಸುವ ಅನ್ನ, ಅದರ ಮೇಲೆ ತುಪ್ಪ, ಪಕ್ಕದಲ್ಲಿ ಮೆಣಸು, ಹಸಿಶುಂಠಿ, ನಿಂಬೆ, ಮಾವುಗಳ ಉಪ್ಪಿನಕಾಯಿ, ಬಳಿಕ ಕೋಳಿ, ಮೀನು, ತರಕಾರಿಗಳೊಡನೆ ಮತ್ತೆ ಮತ್ತೆ ಅನ್ನ, ಕೊನೆಗೆ ಮೊಸರು. ಮಳೆಗಾಲದಲ್ಲಿ ತಣ್ಣೀರು ಆಗದೆಂದು ಬಿಸಿನೀರು ಕುಡಿಯುವ ವಾಡಿಕೆಯನ್ನೂ ಅವನು ಬರೆದಿದ್ದಾನೆ. ಅನ್ನ, ಉಪ್ಪಿನಕಾಯಿ, ಕೊನೆಯಲ್ಲಿ ಮೊಸರು ಎಂಬ ಬಡಿಸುವ ಸರಣಿ ಇಂದಿನ ಊಟಕ್ಕೂ ಪರಿಚಿತವಾದುದರಿಂದ ಈ ವರ್ಣನೆಗೆ ಚಾರಿತ್ರಿಕ ಮೌಲ್ಯವಿದೆ.

ಇದಕ್ಕಿಂತ ಮುಖ್ಯವಾದದ್ದು ಅವನ ಇನ್ನೊಂದು ಮಾತು. ಆ ಸುಲ್ತಾನನ ಬಳಿ 11 ತಿಂಗಳು ರೊಟ್ಟಿಯನ್ನೇ ಕಾಣದೆ ಅನ್ನದಲ್ಲೇ ಕಳೆದುದನ್ನೂ, ಮುಂದೆ ಮಾಲ್ಡೀವ್ಸ್, ಸಿಂಹಳ, ಮಲಬಾರುಗಳಲ್ಲೂ ಹಾಗೆಯೇ ಇದ್ದು ಕೊನೆಗೆ ನೀರಿನೊಡನೆಯಲ್ಲದೆ ಅನ್ನ ಗಂಟಲಲ್ಲಿ ಇಳಿಯದಂತಾದುದನ್ನೂ ಅವನು ಮುಚ್ಚಿಡುವುದಿಲ್ಲ. ಸ್ಥಳೀಯ ಆಹಾರವೆಂಬುದು ಒಂದು ಹೊತ್ತಿನ ಬೆರಗಾಗಿ ಉಳಿಯದೆ ದೇಹದ ಕಷ್ಟವಾಗಿ ಪರಿಣಮಿಸಿದ ಕ್ಷಣವಿದು. ಇಂದಿನ ರುಚಿಯ ಬರಹಗಳಲ್ಲಿ ಈ ಪ್ರಾಮಾಣಿಕತೆ ಅಪರೂಪ. ಅಲ್ಲಿ ತಿಂದದ್ದೆಲ್ಲ ಅದ್ಭುತವೇ. ಆದರೆ ಬತೂತನಿಗೂ ಒಂದು ಮಿತಿಯಿದೆ. ಅವನು ಕಂಡದ್ದು ಅರಸನ ತಟ್ಟೆಯನ್ನು. ಬಡಿಸಿದವಳ ಉಡುಗೆ ಈ ವರ್ಣನೆಯಲ್ಲಿದೆ, ಅವಳ ಹೆಸರಿಲ್ಲ, ಅನ್ನವಿದೆ, ಗದ್ದೆಯಿಲ್ಲ.

ಸುಮಾರು ನಾಲ್ಕೂವರೆ ಶತಮಾನಗಳ ಬಳಿಕ, ಶ್ರೀರಂಗಪಟ್ಟಣದ ಪತನದ ಮರುವರ್ಷ, ಈಸ್ಟ್ ಇಂಡಿಯಾ ಕಂಪನಿಯ ಆದೇಶದಂತೆ ಮದರಾಸಿನಿಂದ ಹೊರಟ ಫ್ರಾನ್ಸಿಸ್ ಬುಕಾನನ್ 1800–01ರಲ್ಲಿ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿದನು. 1807ರಲ್ಲಿ ಪ್ರಕಟವಾದ ಅವನ ಪ್ರವಾಸಗ್ರಂಥ ಹೊಲವನ್ನು ಕಂಡ ಕಣ್ಣಿನದು. ರಾಗಿಯನ್ನು ಯಾವಾಗ ಬಿತ್ತುತ್ತಾರೆ, ಹೇಗೆ ಕಳೆ ತೆಗೆಯುತ್ತಾರೆ, ಯಾವ ಮಣ್ಣು ಯಾವ ಬೆಳೆಗೆ ಎಂಬ ವಿವರಗಳು ಅಲ್ಲಿ ದಟ್ಟವಾಗಿವೆ. ಆದರೆ ಅವನ ಆಸಕ್ತಿ ಹೊಸದಾಗಿ ಕೈಸೇರಿದ ನಾಡಿನ ಉತ್ಪತ್ತಿಯನ್ನು ಅಳೆಯುವುದರಲ್ಲಿತ್ತು. ಒಬ್ಬ ತಟ್ಟೆಯನ್ನು ಕಂಡು ಹೊಲವನ್ನು ಕಾಣಲಿಲ್ಲ. ಇನ್ನೊಬ್ಬನ ಗಮನ ಹೊಲದಲ್ಲೇ ನೆಟ್ಟಿತು, ಉಣ್ಣುವವನ ತೃಪ್ತಿ ಅತೃಪ್ತಿಗಳು ಅದಕ್ಕೆ ಹೊರಗುಳಿದವು. ಇಂದಿನ ಪ್ರವಾಸ ಬರಹ ಇವೆರಡನ್ನೂ ಬಿಟ್ಟು ಅಂಗಡಿಯ ಹೆಸರಿನಲ್ಲಿ ನೆಲೆನಿಂತಿದೆ.

ಆರು ತಿಂಗಳ ತೀರ್ಪು

ತಟ್ಟೆ, ಹೊಲ ಎರಡನ್ನೂ ಒಟ್ಟಿಗೆ ಕಾಣುವ ಕೃತಿಯೊಂದು ಕನ್ನಡದಲ್ಲಿ 16ನೆಯ ಶತಮಾನದಲ್ಲೇ ರಚಿತವಾಗಿದೆ. ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ಸಾಮಾನ್ಯವಾಗಿ ಜಾತಿ–ವರ್ಗ ಸಂಘರ್ಷದ ರೂಪಕವಾಗಿ ಓದಲಾಗಿದೆ. ಆ ಓದು ಸರಿಯಾದದ್ದೇ. ಆದರೆ ಕಾವ್ಯದ ಚೌಕಟ್ಟನ್ನು ಗಮನಿಸಿದರೆ ಅದೊಂದು ದಾರಿಯ ಊಟದ ಕಥೆಯೂ ಹೌದು. ಲಂಕೆಯಿಂದ ಪರಿವಾರದೊಡನೆ ಮರಳುತ್ತಿರುವ ರಾಮ ದಾರಿಯ ಋಷ್ಯಾಶ್ರಮದಲ್ಲಿ ತಂಗುತ್ತಾನೆ. ಅಲ್ಲಿ ಆತಿಥ್ಯ ನಡೆಯುತ್ತದೆ. ಧಾನ್ಯಗಳಲ್ಲಿ ಯಾವುದು ಮಿಗಿಲೆಂಬ ಮಾತು ಏಳುತ್ತದೆ. ಗೌತಮರು ನರೆದಲಗವನ್ನು, ಎಂದರೆ ರಾಗಿಯನ್ನು, ಎತ್ತಿಹಿಡಿದಾಗ ವ್ರೀಹಿ ಕೆರಳುತ್ತದೆ. ದೇವರ ನೈವೇದ್ಯಕ್ಕೂ ಮಂಗಳಕಾರ್ಯಕ್ಕೂ ಸಲ್ಲುವ ತಾನೆಲ್ಲಿ, ಕೀಳುಜನರ ಆಹಾರವಾದ ನೀನೆಲ್ಲಿ ಎಂಬುದು ಅಕ್ಕಿಯ ವಾದ. ಉಳ್ಳವರನ್ನು ಓಲೈಸುವ ನಿನಗೆ ಬಡವರ ಹಸಿವು ತಿಳಿಯದು ಎಂಬುದು ರಾಗಿಯ ಉತ್ತರ.

ಇಲ್ಲಿ ವಿಮರ್ಶಕರ ಗಮನಕ್ಕೆ ಬರಬೇಕಾದುದು ರಾಮನ ನಿರ್ಣಯದ ಕ್ರಮ. ಅವನು ಎರಡನ್ನೂ ಸವಿದು ನೋಡಿ ಯಾವುದು ರುಚಿ ಎಂದು ಹೇಳುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲು ಆಜ್ಞಾಪಿಸುತ್ತಾನೆ. ಅವಧಿ ಮುಗಿದ ಮೇಲೆ ವ್ರೀಹಿ ಸತ್ವಗುಂದಿ ನಿಲ್ಲುತ್ತದೆ. ನರೆದಲಗ ಕುಗ್ಗದೆ ನಿಂತು ರಾಘವನ ಹೆಸರನ್ನು ಪಡೆಯುತ್ತದೆ. ಈ ಸೆರೆಮನೆಯ ಕಲ್ಪನೆಗೆ ಬಯಲುಸೀಮೆಯ ಬದುಕಿನಲ್ಲಿ ನೇರವಾದ ಸಾದೃಶ್ಯವಿದೆ. ನೆಲದೊಳಗೆ ತೋಡಿ, ಕಾಳು ತುಂಬಿ, ಬಾಯಿ ಮುಚ್ಚುವ ಹಗೇವುಗಳಲ್ಲಿ ರಾಗಿಯನ್ನು ವರ್ಷಗಟ್ಟಲೆ ಹುಳು ಹಿಡಿಯದಂತೆ ಕಾಯ್ದಿಡಲಾಗುತ್ತಿತ್ತು. ಮಳೆ ಕೈಕೊಟ್ಟ ವರ್ಷ ಹಗೇವಿನ ಬಾಯಿ ತೆರೆದಾಗ ಜೀವ ಉಳಿಸುತ್ತಿದ್ದುದು ಆ ಕಾಳು. ಕನಕದಾಸರ ರಾಮನ ತೀರ್ಪು ನಾಲಗೆಯದಲ್ಲ, ಬರಗಾಲವನ್ನು ಕಂಡವರದು.

ಸ್ಥಳೀಯ ಆಹಾರವನ್ನು ಕುರಿತು ತೀರ್ಪು ಕೊಡಲು ಪ್ರವಾಸಿಗೆ ಎಷ್ಟು ಕಾಲ ಬೇಕು ಎಂಬ ಪ್ರಶ್ನೆಯನ್ನು ಈ ಕಾವ್ಯ ಎತ್ತುತ್ತದೆ. ಅಯೋಧ್ಯೆಗೆ ಮರಳುವ ಆತುರದಲ್ಲಿದ್ದ ರಾಮನೂ ಸ್ಥಳದಲ್ಲೇ ತೀರ್ಪು ಹೇಳಲಿಲ್ಲ. ಅರ್ಧ ಗಂಟೆ ವಾಹನ ನಿಲ್ಲಿಸಿ, ಒಂದು ತಟ್ಟೆಯ ಬಲದಿಂದ ಒಂದು ಸೀಮೆಯ ರುಚಿಯನ್ನು ನಿರ್ಣಯಿಸುವ ಬರವಣಿಗೆಗೆ ಇದಕ್ಕಿಂತ ಗಂಭೀರವಾದ ಆಕ್ಷೇಪ ಬೇರೊಂದಿಲ್ಲ.

ದೇಸಿ ಎಂಬ ಮಾತಿನ ತೊಡಕು

ನೆಲದ ಕಾಳನ್ನು ಎತ್ತಿಹಿಡಿಯುವ ವಾದ ಶುದ್ಧತೆಯ ವಾದವಾಗಿಬಿಡುವ ಅಪಾಯವೂ ಇದೆ. ಬಿ.ಜಿ.ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೇರಿಕಾ’ ಅಂಥ ಭ್ರಮೆಗೆ ಎಡೆಗೊಡದ ಕೃತಿ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಶೇಂಗಾ ಇವೆಲ್ಲ ಕೊಲಂಬಸ್ಸನ ಯಾನದ ಬಳಿಕ ಕಡಲು ದಾಟಿ ಬಂದವು. 1025ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಾಗಲಿ 16ನೆಯ ಶತಮಾನದ ಆರಂಭದ ಮಂಗರಸನ ‘ಸೂಪಶಾಸ್ತ್ರ’ದಲ್ಲಾಗಲಿ ಮೆಣಸೆಂದರೆ ಕರಿಮೆಣಸೇ. ಹೊಸ ಕಾಯಿಗೆ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದು ಕರೆದ ಕನ್ನಡ ಭಾಷೆ ಆ ಆಗಮನದ ದಾಖಲೆಯನ್ನು ತನ್ನೊಳಗೇ ಇರಿಸಿಕೊಂಡಿದೆ. ಬಣ್ಣಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿ ದೊರೆಯಿತು. ಅಷ್ಟು ಹೊತ್ತಿಗೆ ಅದು ಸಂಪೂರ್ಣವಾಗಿ ಹಾವೇರಿ ಸೀಮೆಯದಾಗಿತ್ತು. ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಬುತ್ತಿಯಲ್ಲಿ ಶೇಂಗಾ ದಕ್ಷಿಣ ಅಮೆರಿಕದ್ದು. ಇನ್ನೂ ಹಿಂದಕ್ಕೆ ಹೋದರೆ ರಾಗಿ ಮತ್ತು ಜೋಳಗಳೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದು ಈ ಮಣ್ಣಿಗೆ ಹೊಂದಿಕೊಂಡ ಕಾಳುಗಳು.

ಹೀಗಿರುವಾಗ ಮೂಲವನ್ನು ಹುಡುಕಿ ಸ್ಥಳೀಯತೆಯನ್ನು ಸ್ಥಾಪಿಸಲು ಸಾಧ್ಯವಿಲ್ಲ. ಒಂದು ಆಹಾರ ಒಂದು ಸೀಮೆಯದಾಗುವುದು ಅಲ್ಲಿನ ಮಳೆ, ಮಣ್ಣು, ದುಡಿಮೆ ಮತ್ತು ಹಸಿವುಗಳೊಡನೆ ಅದು ಬೆಳೆಸಿಕೊಂಡ ದೀರ್ಘ ಸಂಬಂಧದಿಂದ. ಈ ಅಳತೆಗೋಲಿನಲ್ಲಿ ಧಾರವಾಡದ ಪೇಡೆಗೂ ನ್ಯಾಯ ದೊರೆಯುತ್ತದೆ: ಉನ್ನಾವಿನಿಂದ ಬಂದದ್ದು ಕೈಗುಣ, ಕಡಾಯಿಗೆ ಇಳಿದದ್ದು ಧಾರವಾಡದ ಗೌಳಿಗರ ಎಮ್ಮೆಯ ಹಾಲು. ದಾರಿಯ ಆಹಾರ ಮತ್ತು ನೆಲದ ಆಹಾರ ಎಂಬ ಭೇದವು ಮೇಲು–ಕೀಳಿನ ಭೇದವಲ್ಲ. ಒಂದನ್ನೇ ಇನ್ನೊಂದೆಂದು ತಪ್ಪಾಗಿ ತಿಳಿಯದಿರುವುದಕ್ಕೆ ಬೇಕಾದ ವಿವೇಕ ಅಷ್ಟೆ.

ಹೆದ್ದಾರಿ ಬದಲಾದ ಮೇಲೆ

ಈ ವಿವೇಕ ಇಂದು ಏಕೆ ತುರ್ತಿನದು ಎಂಬುದನ್ನು ಬೆಂಗಳೂರು–ಮೈಸೂರು ದಾರಿಯೇ ತೋರಿಸುತ್ತದೆ. ಮಾರ್ಚ್ 2023ರಲ್ಲಿ ಉದ್ಘಾಟನೆಗೊಂಡ ಹೊಸ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬಳಸಿ ಹೋಗುತ್ತದೆ. ರೈಲು ನಿಲ್ದಾಣ ಸೃಷ್ಟಿಸಿದ, ಹಳೆಯ ರಸ್ತೆ ಬೆಳೆಸಿದ ತಿನಿಸುಗಳ ಊರುಗಳು ವೇಗದ ಪ್ರಯಾಣಿಕನ ಪಾಲಿಗೆ ಪಕ್ಕದ ಫಲಕಗಳಾಗಿ ಉಳಿದಿವೆ. ಹಳೆಯ ರಸ್ತೆಯ ಬದಿಯ ಎಷ್ಟೋ ಅಂಗಡಿಗಳು ಗಿರಾಕಿಗಳನ್ನು ಕಳೆದುಕೊಂಡವು. ಮದ್ದೂರು ವಡೆಯಾದರೋ ಪೊಟ್ಟಣಗಳಲ್ಲಿ ಮದ್ದೂರಿನ ಹೊರಗೂ ದೊರೆಯುತ್ತದೆ. ಊರಿನ ಹೆಸರು ಊರಿನಿಂದ ಬಿಡುಗಡೆಗೊಂಡಿದೆ. ಬಾಧೆಗೊಳಗಾದವರು ಒಲೆಯ ಮುಂದೆ ನಿಂತಿದ್ದವರು.

ಅತ್ತ ನೆಲದ ಕಾಳಿನ ಸ್ಥಿತಿಯೂ ಬದಲಾಗಿದೆ. ಕೃಷ್ಣರಾಜಸಾಗರದ ನಾಲೆಗಳು ಮತ್ತು 1933ರಲ್ಲಿ ಆರಂಭವಾದ ಮಂಡ್ಯದ ಸಕ್ಕರೆ ಕಾರ್ಖಾನೆ ರಾಗಿಯ ಹೊಲಗಳನ್ನು ಕಬ್ಬು–ಭತ್ತಗಳ ಗದ್ದೆಗಳಾಗಿ ಮಾರ್ಪಡಿಸಿದವು. ಬರದ ಭಯ ಕಳೆದು ಅಪಾರ ಜನ ಬದುಕಿಕೊಂಡರು. ದಾವಣಗೆರೆ ಸೀಮೆಯಲ್ಲಿ ಜೋಳದ ಎಡೆಯನ್ನು ಮೆಕ್ಕೆಜೋಳ ಬಹುಮಟ್ಟಿಗೆ ಆಕ್ರಮಿಸಿತು. ಪಡಿತರದ ಅಕ್ಕಿ ಎಲ್ಲ ಸೀಮೆಗಳ ತಟ್ಟೆಯನ್ನೂ ಸೇರಿತು. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ಇಂದಿಗೂ ಕರ್ನಾಟಕವೇ ಆದರೂ, ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಘೋಷಿಸಿದ ಬಳಿಕ ರಾಗಿ ನಗರದ ಹೋಟೆಲುಗಳ ಪಟ್ಟಿಯಲ್ಲಿ ಆರೋಗ್ಯದ ವಿಶೇಷವಾಗಿ ಕಾಣಿಸಿಕೊಳ್ಳುತ್ತಿರುವುದು ವಿಚಿತ್ರ. ಒಂದು ಕಾಲಕ್ಕೆ ವ್ರೀಹಿಯ ತಿರಸ್ಕಾರಕ್ಕೆ ಗುರಿಯಾಗಿದ್ದ ಕಾಳು ಉಳ್ಳವರ ಪಥ್ಯವಾಗಿದೆ. ಉಳ್ಳವರನ್ನು ಓಲೈಸುವೆ ಎಂದು ಅಕ್ಕಿಯನ್ನು ಮೂದಲಿಸಿದ್ದ ನರೆದಲಗಕ್ಕೆ ಆ ಮಾತು ಈಗ ತಿರುಗಿ ಬರುವಂತಿದೆ.

ಪ್ರವಾಸದ ಆಹಾರ ಬರಹವನ್ನು ಓದುವ ವಿಮರ್ಶೆ ಮುಂದೆ ಕನಿಷ್ಠ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ. ಬರಹದಲ್ಲಿ ಬಂದ ತಿನಿಸಿನ ಕಾಳು ಎಲ್ಲಿಯದು, ಅದು ಆ ಸೀಮೆಯ ಹೊಲದೊಡನೆ ಯಾವ ಸಂಬಂಧವನ್ನು ಹೊಂದಿದೆ? ಅದನ್ನು ಬೇಯಿಸಿದ, ಬಡಿದ, ಬಡಿಸಿದ ಕೈಗಳಿಗೆ ಬರಹದಲ್ಲಿ ಎಡೆ ದೊರೆತಿದೆಯೆ? ಆ ಬೆಂಚಿನ ಮೇಲೆ ಯಾರು ಕುಳಿತುಕೊಳ್ಳಬಹುದಿತ್ತು, ಯಾರು ಹೊರಗೆ ನಿಂತಿದ್ದರು? ಇವಕ್ಕೆ ಉತ್ತರ ನೀಡುವ ಪ್ರವಾಸ ಕಥನ ರುಚಿಯನ್ನು ಬಿಟ್ಟುಕೊಡಬೇಕಾಗಿಲ್ಲ. ಹೊನ್ನಾವರದ ಉಪ್ಪಿನಕಾಯಿಗಳನ್ನು ಒಂದೊಂದಾಗಿ ಹೆಸರಿಸಿದವನೇ ಅನ್ನ ಗಂಟಲಲ್ಲಿ ನಿಂತುದನ್ನೂ ಬರೆದನು. ಅಂಥ ಬರಹಕ್ಕೆ ಬೇಕಾದುದು ಇನ್ನಷ್ಟು ಊರುಗಳ ಪಟ್ಟಿಯಲ್ಲ, ಒಂದೇ ಊರಿನಲ್ಲಿ ಇನ್ನಷ್ಟು ದಿನಗಳು.